ಲಾರಿ ಬಿಡ್ರಿ

ಹೀನಾ ಸುತ್ತಿಗೆ ಎತ್ತುವುದಕ್ಕೂ ಮೆಣಸಿನಕಾಯಿ ಹೇರಿದ ಇನ್ನೊಂದು ಲಾರಿ ತಿರುವಿನಲ್ಲಿ ಗುಡುಗುಡು ಎನ್ನುತ್ತ ಬರುವುದಕ್ಕೂ ಸರಿಹೋಯಿತು. ಎತ್ತಿದ್ದನ್ನು ಇಳಿಸಲಾರದೆ ಕಬ್ಬಿಣದ ತಟ್ಟೆಯ ಮೇಲೆ ಬಡಿದೇಬಿಟ್ಟಳು. ಲ್ಯಾಪ್‌ಟಾಪಿನ ಪರದೆಯ ಮೇಲಿನ ಗೆರೆಗಳೆಲ್ಲ ಕೋಳಿ ಕೆದರಿದ ಕಸದಂತೆ ಚೆಲ್ಲಾಪಿಲ್ಲಿಯಾದವು.

“ಇವರ ಲಾರಿಗೆ ಬೆಂಕಿ ಬೀಳ್ಲಿ,” ಎಂದು ಹಲ್ಲು ಕಚ್ಚಿದಳು.

“ಹಂಗನಬ್ಯಾಡ ಬೇಟಿ,” ಎಂದಳು ಅವಳ ತಾಯಿ ಕುಲ್ಸುಮಬಿ, ಕೂತಲ್ಲಿಂದಲೇ. “ಲಾರಿ ಇಲ್ಲಂದ್ರ ನಮಗ ನೆರಳೆಲ್ಲಿಂದ?”

ಮಾತು ಖರೆಯೇ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕುಲ್ಸುಮಬಿಯ ಗುಂಪಿಗೆ ನಿಂತ ಲಾರಿಯ ನೆರಳೇ ಸೂರು. ಲಾರಿಯ ಮಗ್ಗುಲಲ್ಲಿ ಗೋಣಿತಟ್ಟು ಹಾಸಿಕೊಂಡು ಕೂಡುವುದು, ಲಾರಿ ಹೊರಟಿತೆಂದರೆ ತಟ್ಟು ಎಳೆದುಕೊಂಡು ಮುಂದಿನ ಲಾರಿಗೆ ಓಡುವುದು. ಹೀನಾ ಹೊಟ್ಟೆಯಲ್ಲಿದ್ದಾಗಲೂ ಕುಲ್ಸುಮಬಿ ಹೀಗೇ ಓಡಿದ್ದಳು. ಹೀಗೆ ಓಡಾಡುತ್ತಲೇ ಮಗಳನ್ನು ಓದಿಸಿ, ಹುಬ್ಬಳ್ಳಿಯ ಮಣ್ಣುಪರೀಕ್ಷೆ ಕಂಪನಿಯೊಂದರಲ್ಲಿ ಕೆಲಸ ಸಿಗುವಷ್ಟು ಮಾಡಿದ್ದಳು.

ಗುಂಪಿನ ಅಧ್ಯಕ್ಷೆ ವೆಂಕೂಬಾಯಿ ಹಾವೇರಿಯ ಕಚೇರಿಗಳಿಗೆ ಚಪ್ಪಲಿ ಸವೆಸಿ ರಸ್ತೆ ಬದಿಯ ಈ ಜಾಗ ಮಂಜೂರು ಮಾಡಿಸಿಕೊಂಡು ಬಂದಿದ್ದಳು. ಇಲ್ಲಿ ಶೆಡ್ ಏಳಬೇಕು, ಫ್ಯಾನು ತಿರುಗಬೇಕು, ಕೈ ತೊಳೆಯಲು ನಳ ಬರಬೇಕು. ಆದರೆ ಒಂದು ಕಡೆ ನೆಲ ಕೊರೆದು ನೋಡಿದಾಗ ಬಾಟಲಿ ಚೂರು, ಟೈರಿನ ತುಂಡು ಬಂದವು. ಹಿಂದೆ ಇಲ್ಲಿ ಕಲ್ಲಿನ ಖಣಿ ಇತ್ತಂತೆ, ಊರ ಕಸ ಹಾಕಿ ಮುಚ್ಚಿದರಂತೆ. ಖಣಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದರೆ ಊರ ಹಿರಿಯರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಗಟ್ಟಿ ನೆಲ ತೋರಿಸದಿದ್ದರೆ ಪುರಸಭೆಯವರ ನಾಳೆಯ ಸಭೆಯಲ್ಲಿ ಈ ಜಾಗ ಕೈಬಿಟ್ಟು ಹೋಗುತ್ತದೆ. ಹೋಗುವುದಾದರೂ ಯಾವುದಕ್ಕೆ? ಲಾರಿ ನಿಲ್ಲಿಸಲಿಕ್ಕೆ!

ಅದಕ್ಕೇ ಹೀನಾ ಕಂಪನಿಯವರನ್ನು ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ಯಂತ್ರ ತಂದಿದ್ದಳು. ಮೊಳೆ ಹಚ್ಚಿದ ಪುಟ್ಟ ಡಬ್ಬಿಗಳಂಥ ಜಿಯೋಫೋನುಗಳನ್ನು ರಸ್ತೆಯಂಚಿನಿಂದ ಒಳಗಿನವರೆಗೆ ಸಾಲಾಗಿ ನೆಟ್ಟಿದ್ದಳು. ಪರದೆಯ ಮೇಲೆ ಡಬ್ಬಿಗೊಂದು ಗೆರೆ. ನೆಲಕ್ಕೆ ಬಡಿದರೆ ಅಲೆ ಏಳುತ್ತದೆ. ಅದು ಗಟ್ಟಿ ಕಲ್ಲಿನಲ್ಲಿ ಲಗುಬಗೆಯಿಂದ ಓಡುತ್ತದೆ, ಸಡಿಲ ಕಸದಲ್ಲಿ ತಡವರಿಸುತ್ತದೆ. ಯಾವ ಡಬ್ಬಿಗೆ ಯಾವಾಗ ಮುಟ್ಟಿತು ಎಂದು ನೋಡಿದರೆ ತೋಡದೆಯೇ ಒಳಗಿನದು ತಿಳಿಯುತ್ತದೆ.

“ಕಲ್ಲಂಗಡಿ ಹಣ್ಣು ಬಡದು ನೋಡಿದಂಗ ಅನ್ನು,” ಎಂದಿದ್ದಳು ವೆಂಕೂಬಾಯಿ.

“ಹಂಗ ಮೌಶಿ. ಆದ್ರ ಸಂತ್ಯಾಗ ನಿಂತು ಬಡೀಬೇಕಾಗೇತಿ.”

ಸಂತೆಯೇ ಸರಿ. ಹೆಂಗಸರು ಅತ್ತಿತ್ತ ಅಡ್ಡಾಡಿದರೆ ಗೆರೆ ಕುಣಿಯುತ್ತಿತ್ತು. ಅವರನ್ನು ಕೂರಿಸಿದರೆ ಸೀನು ಶುರುವಾಯಿತು. ಮಾರುಕಟ್ಟೆ ದಿನ ಬ್ಯಾಡಗಿಯಲ್ಲಿ ಸೀನಬೇಡಿ ಎನ್ನುವುದೂ ಉಸಿರಾಡಬೇಡಿ ಎನ್ನುವುದೂ ಒಂದೇ. ಪಕ್ಕದಲ್ಲಿ ಗಟಾರ ತೋಡುತ್ತಿದ್ದ ಜೆಸಿಬಿ ಬೇರೆ. ಹೀನಾ ಸೋಲಲಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದು ಎಲ್ಲವನ್ನೂ ಕೂಡಿಸಿದಳು. ಗದ್ದಲ ಪ್ರತಿಸಲ ಬೇರೆ ಬೇರೆ ಥರ ಇರುತ್ತದೆ, ಕೂಡಿಸಿದಂತೆ ತನ್ನಷ್ಟಕ್ಕೆ ತಾನೇ ಕರಗುತ್ತದೆ. ಸುತ್ತಿಗೆಯ ಅಲೆ ಪ್ರತಿಸಲ ಒಂದೇ ಥರ ಬರುವುದರಿಂದ ಅದು ಉಳಿಯುತ್ತದೆ. ಮೇಲಿನ ಮಣ್ಣು ಹೀಗೆ ತಿಳಿಯಾಗಿ ಕಂಡಿತು. ಆಳದ್ದು ಮಾತ್ರ ಕಾಣಲೊಲ್ಲದು. ಶೆಡ್ಡಿನ ಹಣೆಬರಹವಿದ್ದದ್ದೇ ಆಳದಲ್ಲಿ.

ಮಧ್ಯಾಹ್ನದ ಹೊತ್ತಿಗೆ ಪುರಸಭೆಯ ಎಂಜಿನಿಯರ್ ಪುಂಡಲೀಕ ಬಂದರು. ಕೆಟ್ಟವರಲ್ಲ, ಅಂಜುವವರು.

“ಏನರ ಗೊತ್ತಾತೇನ್ರಿ ಮೇಡಂ?”

“ಲಾರಿ ಬಿಡವಲ್ಲವ್ರಿ ಸರ್.”

ಅಷ್ಟು ಕೇಳಿದ್ದೇ ತಡ, ವೆಂಕೂಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಂತಳು. ಆಕೆಯ ಹಿಂದೆ ಇನ್ನಷ್ಟು ಹೆಂಗಸರು. ಲಾರಿಗಳು ಒಂದರ ಬೆನ್ನಿಗೊಂದು ನಿಂತವು. ಮುಂದಿನ ಲಾರಿಯ ಡ್ರೈವರ್ ಜಹಾಂಗೀರ ಕಿಟಕಿಯಿಂದ ತಲೆ ಹೊರಹಾಕಿ, “ಅಕ್ಕಾರ, ಮಾಲ್ ಇಳಸೋದೈತ್ರಿ!” ಎಂದು ಗೋಗರೆದ.

“ಇಳಸೀಯಂತ. ಇಂಜಿನ್ ಬಂದ್ ಮಾಡು!”

ಪೇಟೆಯ ದಿನ ಯಾರೂ ಕಂಡಿರದಂಥ ಮೌನ ಕವಿಯಿತು. ಜೆಸಿಬಿಯವನೂ ನಿಲ್ಲಿಸಿ ನೋಡತೊಡಗಿದ. ಹೀನಾ ಮೈಯೆಲ್ಲ ಶಕ್ತಿ ಹಾಕಿ ಬಡಿದಳು, ಮತ್ತೆ ಬಡಿದಳು, ರಟ್ಟೆ ಸೋಲುವವರೆಗೂ ಬಡಿದಳು. ಪರದೆ ನೋಡಿದಳು. ಗೆರೆಗಳು ಕನ್ನಡಿಯಷ್ಟು ಸ್ವಚ್ಛ. ಆಳದಲ್ಲಿ ಏನೂ ಇಲ್ಲ. ಬೆಳಗಿನಿಂದ ಲಾರಿಗಳನ್ನು ಬೈದದ್ದೇ ಬಂತು. ತಪ್ಪು ಲಾರಿಯದಲ್ಲ, ಸುತ್ತಿಗೆಯ ಅಲೆಗೆ ಅಷ್ಟು ಕೆಳಗಿಳಿಯುವ ತಾಕತ್ತೇ ಇರಲಿಲ್ಲ.

“ಬಿಡ್ರಿ ಮೇಡಂ,” ಎಂದರು ಪುಂಡಲೀಕ, ಮೆತ್ತಗೆ. “ನೀವಾದ್ರೂ ಎಷ್ಟಂತ ಬಡೀತೀರಿ? ಕಸದ ಮ್ಯಾಲ ಕಟ್ಟಿ, ನಾಳೆ ಕುಂತವರ ಮ್ಯಾಲ ಬಿದ್ರ ಯಾರು ಜವಾಬು?”

ವೆಂಕೂಬಾಯಿಯ ಕೈ ಕೆಳಗಿಳಿಯಿತು. ಕುಲ್ಸುಮಬಿ ತಟ್ಟಿನ ಮೇಲಿದ್ದ ಮೆಣಸಿನಕಾಯಿಯನ್ನು ಸುಮ್ಮನೆ ಒಟ್ಟುಮಾಡತೊಡಗಿದಳು. ಅದನ್ನು ನೋಡಿ ಹೀನಾಳ ಕಣ್ಣು ತುಂಬಿದವು. ಜಹಾಂಗೀರ ಲಾರಿ ಚಾಲೂ ಮಾಡಿದ. ತುಂಬಿದ ಲಾರಿ ಭಾರಕ್ಕೆ ಒಮ್ಮೆ ಹಿಂದೆ ಜಗ್ಗಿ ಮುಂದೆ ಸರಿಯಿತು.

ಯಂತ್ರ ನಿಲ್ಲಿಸಲೆಂದು ಬಾಗಿದವಳು ಬಾಗಿದ ಹಾಗೇ ನಿಂತುಬಿಟ್ಟಳು. ಪರದೆಯ ಮೇಲೆ, ರಸ್ತೆಯ ಕಡೆಯ ಗೆರೆಯಿಂದ ಒಳಗಿನ ಗೆರೆಯವರೆಗೆ, ದಪ್ಪನೆಯ ನಿಧಾನದ ಅಲೆಯೊಂದು ಸಾಲಾಗಿ ದಾಟಿ ಹೋಯಿತು. ಉದ್ದನೆಯ ಅಲೆ. ಉದ್ದ ಇದ್ದಷ್ಟೂ ಆಳ ಮುಟ್ಟುವ ಅಲೆ. ಇದನ್ನು ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆ ಬರೆದು ಮರೆತಿದ್ದಳು. ಕಂಪನಿಯವರು ಯಾವತ್ತೂ ನಿಶ್ಶಬ್ದವಾದ ಹೊಲಗಳಲ್ಲಿ ಸುತ್ತಿಗೆಯನ್ನೇ ನಂಬಿದವರು. ಇಲ್ಲಿ ಹತ್ತಾರು ಟನ್ನಿನ ಸುತ್ತಿಗೆಗಳು ಬೆಳಗಿನಿಂದ ಪುಕ್ಕಟೆ ಬಡಿಯುತ್ತಿದ್ದವು. ಅವಳೋ, ಅವುಗಳಿಗೆ ಬೆಂಕಿ ಬೀಳಲಿ ಎನ್ನುತ್ತ ಕೂತಿದ್ದಳು!

“ಮೌಶಿ!” ಎಂದು ಚೀರಿದಳು. “ಲಾರಿ ಬಿಡ್ರಿ! ಎಲ್ಲಾ ಲಾರಿ ಬಿಡ್ರಿ!”

“ಈಗರೆ ಲಾರಿ ಬಿಡವಲ್ಲವು ಅಂದಿ?”

“ಈಗ ಬಿಡ್ರಿ ಅಂತೇನಿ! ತುಂಬಿದ್ದು ಮೊದಲು ಬಿಡ್ರಿ!”

ವೆಂಕೂಬಾಯಿ ಪೊಲೀಸಿನವರಿಗೂ ಸಾಧ್ಯವಾಗದ ಗತ್ತಿನಲ್ಲಿ ಲಾರಿಗಳನ್ನು ಒಂದೊಂದಾಗಿ ಬಿಟ್ಟಳು. ಖಾಲಿ ಲಾರಿ ಬಂದರೆ ಮೂಗು ಮುರಿದಳು. ಪ್ರತಿ ಲಾರಿಯ ಅಲೆಯನ್ನೂ ಹೀನಾ ಹಿಡಿದು ಹಿಂದಿನದಕ್ಕೆ ಕೂಡಿಸಿದಳು. ಹೆಂಗಸರು ಡಬ್ಬಿಗಳ ಸಾಲನ್ನು ಕಿತ್ತು ಆಚೆ ನೆಟ್ಟರು, ಮತ್ತೆ ಕಿತ್ತು ಈಚೆ ನೆಟ್ಟರು. ಹೊತ್ತು ಇಳಿಯುವಷ್ಟರಲ್ಲಿ ನೆಲದೊಳಗಿನ ಚಿತ್ರ ಮೂಡಿತು. ಮೂಡಣ ಮೂಲೆಯಲ್ಲಿ ಮಾತ್ರ ಅಲೆ ತೆವಳುತ್ತಿತ್ತು. ಉಳಿದೆಲ್ಲ ಕಡೆ ಓಡುತ್ತಿತ್ತು. ಅಂದು ನೆಲ ಕೊರೆದವರು ನೆಟ್ಟಗೆ ಖಣಿಯ ಹೊಟ್ಟೆಗೇ ಕೊರೆದಿದ್ದರು.

ಹೀನಾ ಸುಣ್ಣದ ಪುಡಿ ತಂದು ಜಾಗಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದಳು. “ಸರ್, ಇದರ ಈ ಕಡೆ ಕಲ್ಲು, ಆ ಕಡೆ ಕಸ. ಗೆರಿ ಮ್ಯಾಲೇ ತೋಡಿಸ್ರಿ.”

ಗೆರೆಯ ಮೇಲೆಯೇ ಎಂದಾಗ ಪುಂಡಲೀಕರು ಅವಳ ಮುಖ ನೋಡಿದರು, ಮತ್ತೆ ಜೆಸಿಬಿಯವನನ್ನು ಕರೆದರು. ಬಕೆಟ್ಟು ಮಣ್ಣಿಗಿಳಿಯಿತು. ಸುತ್ತ ನಿಂತವರು ಸೀನುವುದನ್ನೂ ಮರೆತರು. ಆಳುದ್ದ ಹೋದಮೇಲೆ ಠಣ್ ಎಂದು ಕಲ್ಲಿಗೆ ಹಲ್ಲು ತಾಗಿತು. ಬಕೆಟ್ಟು ಸ್ವಲ್ಪ ಆಚೆ ಎಳೆಯುತ್ತಿದ್ದಂತೆ ಬಾಟಲಿ ಚೂರು, ಚಪ್ಪಲಿ, ಟೈರು ದೊಪದೊಪನೆ ಉದುರಿದವು. ಪುಂಡಲೀಕರು ಗುಂಡಿಯ ಅಂಚಿಗೆ ಬಂದು ಬಗ್ಗಿದರು. ಎಡಗೋಡೆ ಕರಿಗಲ್ಲು, ಬಲಗೋಡೆ ಕಸ. ಎರಡರ ನಡುವಿನ ಸಂದು ಸುಣ್ಣದ ಗೆರೆಯ ನೇರಕ್ಕೇ ಇತ್ತು.

“ಶಾಬ್ಬಾಸ್,” ಎಂದರು. ಮೇಡಂ ಎನ್ನುವುದನ್ನು ಮರೆತು, “ಶಾಬ್ಬಾಸ್ ತಂಗಿ! ಶೆಡ್ ಈ ಕಡೆ ಸರಸೋಣು. ನಾಳೆ ಸಭೆಯೊಳಗ ನಾನ ನಿಂತು ಹೇಳ್ತೇನಿ,” ಎಂದರು.

ಹೆಂಗಸರು ಹೋ ಎಂದರು. ವೆಂಕೂಬಾಯಿ ಹೀನಾಳನ್ನು ಎತ್ತಿಯೇಬಿಟ್ಟಳು. ಇಳಿದು ನೋಡಿದರೆ ಎದುರಿಗೆ ತಾಯಿ. ಖಾರದ ಕೈ ಮಗಳ ಕಣ್ಣಿಗೆ ತಾಗೀತೆಂದು ಕುಲ್ಸುಮಬಿ ಹೀನಾ ಕೂಸಿದ್ದಾಗಿನಿಂದ ಮೊಣಕೈಯಿಂದಲೇ ಮುದ್ದಿಸಿದವಳು. ಈಗಲೂ ಬೆರಳು ಮಡಚಿ ಮೊಣಕೈಯಿಂದ ಮಗಳ ಕೆನ್ನೆ ಸವರಿದಳು. ಹೀನಾಳಿಗೆ ಇಷ್ಟು ಸಂತೋಷ ಪದವಿ ಬಂದ ದಿನವೂ ಆಗಿರಲಿಲ್ಲ.

ಕೆಲಸ ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ನೆರಳು ಕೊಟ್ಟಿದ್ದ ಲಾರಿಯವನು, ಏಳಿ ಎನ್ನುವಂತೆ ಎಂದಿನ ಹಾರ್ನ್ ಹಾಕಿದ. ಹೆಂಗಸರು ಎದ್ದು ತಟ್ಟು ಎಳೆದುಕೊಂಡು ಹೊರಟರು. ಮುಂದಿನ ಲಾರಿಯ ಕಡೆಗಲ್ಲ, ಸುಣ್ಣದ ಗೆರೆಯ ಈ ಕಡೆಗೆ. ಇನ್ನೂ ಇಲ್ಲದ ಕಿಟಕಿಯ ಪಕ್ಕ ಯಾರು ಕೂಡಬೇಕೆಂದು ಒಂದಿಷ್ಟು ಜಗಳವೂ ಆಯಿತು. ಆ ಜಾಗ ಕುಲ್ಸುಮಬಿ ಹಿಡಿದಳು.

ವೈರು ಸುತ್ತುತ್ತಿದ್ದ ಹೀನಾ ಕೂಗಿದಳು. “ಅಮ್ಮಿ, ಅಲ್ಲಿ ಬಿಸಿಲೈತಿ.”

“ಎಲ್ಲೈತಿ?” ಎಂದಳು ಕುಲ್ಸುಮಬಿ.

ರಸ್ತೆಯಲ್ಲಿ ತುಂಬಿದ ಲಾರಿಯೊಂದು ಹಾದುಹೋಯಿತು. ನೆಲ ಸಣ್ಣಗೆ ನಡುಗಿ, ಅವಳ ಮುಂದಿನ ರಾಶಿಯ ತುದಿಯಿಂದ ಒಂದು ಮೆಣಸಿನಕಾಯಿ ಜಾರಿ ಕೆಳಗೆ ಬಂತು. ಅವಳು ಅದನ್ನು ಎತ್ತಿಕೊಂಡು ತೊಟ್ಟು ಬಿಡಿಸಿದಳು.