ಗೇಟಿನ ಮೇಲಿನ ಬಾಣಂತಿ

ವನ್ಯಜೀವಿಗಳಿಗೆಂದು ಕಾದಿಟ್ಟ ಭೂಮಿಗೆ ಜನರನ್ನು ಬಿಡಬೇಕೋ ಬೇಡವೋ ಎಂದು ಶಾಸನಸಭೆ ಎರಡು ಅಧಿವೇಶನ ಕಿತ್ತಾಡಿತು. ಕೊನೆಗೆ ಕಾಯಿದೆಯ ಕರಡು ಬರೆಯುವ ಭಾಗ್ಯ ಕಾನೂನು ಇಲಾಖೆಯ ಕರಡುಗಾರರ ತಲೆಗೆ ಬಂತು. ಆಸಾಮಿ ಬಲು ನಾಜೂಕು. ಹೆಂಡತಿ ತರಕಾರಿ ತನ್ನಿ ಎಂದರೂ 'ತರಕಾರಿ ಎಂದರೆ ಸೊಪ್ಪೂ ಸೇರಿದಂತೆಯೋ?' ಎಂದು ಕೇಳುವವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬರೆದರು: ಜನ ಒಳಗೆ ಬರಬಹುದು, ಆದರೆ ದ್ವಾರದಿಂದ ಮಾತ್ರ, ಬೇರೆ ಕಡೆಯಿಂದ ಇಳಿದರೆ ದಂಡ, ಯಾವ ಹಕ್ಕಿಯ ಗೂಡನ್ನೂ ಕದಲಿಸುವಂತಿಲ್ಲ. ಎರಡೂ ಪಕ್ಷದವರು ಮೇಜು ಗುದ್ದಿ ಪಾಸು ಮಾಡಿದರು.

ಮೊದಲು ತೆರೆಯಬೇಕಾದದ್ದು ಊರಾಚೆಯ ಜೌಗು ಬಯಲು. ಅಲ್ಲಿ ಕಾವಲಿಗಿದ್ದವನು ಕರಡುಗಾರರ ಸ್ವಂತ ಬಾಮೈದ. ಉದ್ಘಾಟನೆಯ ಬೆಳಿಗ್ಗೆ ಅವನ ಫೋನ್ ಬಂತು.

"ಭಾವ, ಗೇಟು ತೆಗೆಯೋಕಾಗಲ್ಲ."

"ತುಕ್ಕು ಹಿಡಿದಿದ್ರೆ ಎಣ್ಣೆ ಬಿಡೋ."

"ತುಕ್ಕಲ್ಲ ಭಾವ, ಬಾಣಂತಿ."

ಕರಡುಗಾರರು ಓಡಿಬಂದು ನೋಡಿದರೆ, ಗೇಟಿನ ಕಂಬಿಗೂ ಕಲ್ಲುಕಂಬಕ್ಕೂ ನಡುವೆ ಅಂಗೈಯಗಲದ ಗೂಡು. ಒಳಗೆ ಮೂರು ಮರಿ ಬಾಯಿ ಕಿಸಿದುಕೊಂಡಿದ್ದವು. ಗೇಟು ಗೇಣಷ್ಟು ಸರಿದರೂ ಗೂಡು ಚಟ್ನಿ. ತಾಯಿಹಕ್ಕಿ ಬಾಲ ಕುಣಿಸುತ್ತಾ ಕರಡುಗಾರರ ಬೋಳುತಲೆಗೆ ಟಕ್ಕೆಂದು ಒಂದು ಕುಟುಕಿತು.

ಅಷ್ಟರಲ್ಲಿ ಮಂತ್ರಿಗಳ ಕಾರು ಬಂತು. ಹಿಂದೆ ಕ್ಯಾಮೆರಾದವರ ದಂಡು.

"ತೆಗೀರಿ ಗೇಟು," ಎಂದರು ಮಂತ್ರಿಗಳು.

"ತೆಗೆದ್ರೆ ಅಪರಾಧ ಸಾರ್. ಗೂಡಿದೆ," ಎಂದ ಬಾಮೈದ.

"ಯಾವನ್ರೀ ಬರೆದಿದ್ದು ಈ ಕಾನೂನು?"

ಕರಡುಗಾರರು ಆಕಾಶ ನೋಡಿದರು. ಬಾಮೈದ ಭಾವನನ್ನು ನೋಡಿದ.

ಮಂತ್ರಿಗಳಿಗೆ ಛಲ ಬಂತು. ಏಣಿ ತರಿಸಿ, ಪಂಚೆ ಎತ್ತಿ ಕಟ್ಟಿ, ಉಸ್ಸಪ್ಪಾ ಎನ್ನುತ್ತಾ ಗೇಟಿನ ಪಕ್ಕದ ಗೋಡೆ ಏರಿ, ಕುದುರೆ ಸವಾರಿಯಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತರು. ಕರಡುಗಾರರು ಹೌಹಾರಿದರು.

"ಸಾರ್, ಆ ಕಡೆ ಇಳೀಬೇಡಿ! ಅದು ದ್ವಾರ ಅಲ್ಲ. ದಂಡ ಬೀಳುತ್ತೆ!"

"ಹಾಗಾದ್ರೆ ಈ ಕಡೆ ಇಳೀಲಾ?"

"ಇಳೀಬಹುದು. ಆದ್ರೆ ಉದ್ಘಾಟನೆ ಆಗಲ್ಲ."

ಇಳಿಯಲು ಮಂತ್ರಿಗಳು ತಡಕಾಡಿದ ಕಾಲು ಏಣಿಗೆ ತಾಗಿ ಅದು ಧಡಾರನೆ ಬಿತ್ತು. ಅತ್ತ ದರಿ, ಇತ್ತ ಪುಲಿ. ಕ್ಯಾಮೆರಾಗಳು ಕಣ್ಣರಳಿಸಿದವು. ಮಂತ್ರಿಗಳು ಏನು ಸಾಮಾನ್ಯರೇ! ಗಂಟಲು ಸರಿಮಾಡಿಕೊಂಡು, "ನಮ್ಮ ಸರ್ಕಾರದ ಒಂದು ಕಾಲು ಜನರ ಕಡೆ, ಒಂದು ಕಾಲು ಪ್ರಾಣಿಪಕ್ಷಿಗಳ ಕಡೆ!" ಎಂದು ಗೋಡೆಯ ಮೇಲಿಂದಲೇ ಭಾಷಣ ಬಿಗಿದರು. ಚಪ್ಪಾಳೆಗೆ ಬೆದರಿದ ಹಕ್ಕಿ ಅವರ ಹೆಗಲ ಮೇಲೆ ಕೂತು ತನ್ನ ಅಭಿಪ್ರಾಯವನ್ನು ಬೆಳ್ಳಗೆ ಬಿಟ್ಟುಹೋಯಿತು.

ಬಾಮೈದ ಮತ್ತೆ ಎತ್ತಿ ನಿಲ್ಲಿಸಿದ ಏಣಿಯಿಂದ ಈ ಕಡೆಗೇ ಕೆಳಗಿಳಿದ ಮಂತ್ರಿಗಳು ಕರಡುಗಾರರ ಕಿವಿಯಲ್ಲಿ ಹಲ್ಲು ಕಡಿದರು. "ತಿದ್ದುಪಡಿ ಬರೀರಿ. ಈಗಲೇ. ಏಣಿಯಿಂದ ಹೋಗೋದು ಕಾನೂನಾಗಬೇಕು."

ಕರಡುಗಾರರು ಅಲ್ಲೇ ಪೆನ್ನು ತೆಗೆದರು. ಜೀವಮಾನದಲ್ಲೇ ಮೊದಲ ಸಲ ಹಿಂದುಮುಂದು ನೋಡದೆ ಗೀಚಿದರು: 'ದ್ವಾರ ಎಂದರೆ ಏಣಿ ಎಂದು ಅರ್ಥೈಸತಕ್ಕದ್ದು.' ಸಭೆ ಅದನ್ನೂ ಮೇಜು ಗುದ್ದಿ ಪಾಸು ಮಾಡಿತು.

ಮರಿಗಳು ರೆಕ್ಕೆ ಬಲಿತು ಹಾರಿಹೋದವು. ಒಂದು ಭಾನುವಾರ ಕರಡುಗಾರರು ಹೆಂಡತಿಯ ಜೊತೆ ಬಯಲು ನೋಡಲು ಹೋದರು. ಗೇಟು ಹಾರುಹೊಡೆದಿತ್ತು. ಗಂಭೀರವಾಗಿ ಒಳಗೆ ಕಾಲಿಡಲು ಹೋದರೆ ಬಾಮೈದ ಅಡ್ಡ ನಿಂತ.

"ಏಣಿ ಹತ್ತಬೇಕು ಭಾವ. ದ್ವಾರ ಅಂದ್ರೆ ಏಣಿ."

"ಲೋ, ಗೇಟು ತೆಗೆದೇ ಇದೆಯಲ್ಲೋ!"

"ಗಾಳಿಯಾಡಲಿ ಅಂತ ತೆಗೆದಿಟ್ಟಿದ್ದೀನಿ. ಇಲ್ಲಿಂದ ಬಂದ್ರೆ ದಂಡ. ಆಮೇಲೆ ಅಕ್ಕನ ಮುಖ ನೋಡ್ಕೊಂಡು ಬಿಟ್ಟೆ ಅನ್ನೋ ಮಾತು ಬೇಡ ನನಗೆ."

ಅವನ ಅಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಏಣಿಯ ತುದಿಯಲ್ಲಿದ್ದಳು. "ಬನ್ರೀ! ಎಷ್ಟು ಚೆನ್ನಾಗಿ ಕಾಣುತ್ತೆ ಇಲ್ಲಿಂದ!"

ಕರಡುಗಾರರು ತೆರೆದ ಗೇಟನ್ನೊಮ್ಮೆ, ತಮ್ಮ ಹೊಟ್ಟೆಯನ್ನೊಮ್ಮೆ ನೋಡಿದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಏಣಿ ಕಿರ್ರೆಂದಿತು.

"ಗಟ್ಟಿಯಾಗಿ ಹಿಡ್ಕೊಳ್ಳೋ," ಎಂದರು ಬಾಮೈದನಿಗೆ.

"ಹಿಡ್ಕೊಳ್ಳೋಕೆ ಕಾನೂನಲ್ಲಿ ಅವಕಾಶ ಇದೆಯಾ ಭಾವ?" ಎಂದು ಅವನು ಕೇಳಿದ.