ಬಿಳಿ ಊಟ

ಬಿಳಿ ಬಟ್ಟೆ ಹೊಲಿಯುವ ದರ್ಜಿಗೆ ಬಣ್ಣದ ತರಕಾರಿಯೆಂದರೆ ಹಾವು ಮುಂಗುಸಿ. ಡಾಕ್ಟರರ ಕೋಟು, ವಾದ್ಯದವರ ಅಂಗಿ, ಎಲ್ಲ ಅವನ ಕೈಯಲ್ಲೇ ಆಗಬೇಕು. ಟೊಮೆಟೊದ ಒಂದು ಹನಿ ಸಿಡಿದರೆ ಅಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂಗಡಿ ಬೇರೆ, ಮನೆ ಬೇರೆ ಇದ್ದಾಗ ತೊಂದರೆಯಿರಲಿಲ್ಲ. ಅಂಗಡಿಯ ಕಟ್ಟಡ ಕೆಡವಿದ ಮೇಲೆ ಮಷೀನು ಮನೆಯೊಳಗೆ ಬಂತು, ಊಟದ ಮೇಜೇ ಬಟ್ಟೆ ಕತ್ತರಿಸುವ ಮೇಜಾಯಿತು. ಅಂದಿನಿಂದ ಬಿಳಿ ಊಟದ ಕಾಯಿದೆ: ಅನ್ನ, ಹಾಲು, ಬ್ರೆಡ್ಡು, ಮೊಟ್ಟೆಯ ಬಿಳಿ. ಹೂಕೋಸು, ಪಾಪ, ಬಿಳಿಯೇ. ಅದರ ವಾಸನೆ ಬಟ್ಟೆಗೆ ಹತ್ತುತ್ತದೆಂದು ಅದಕ್ಕೂ ಗಡಿಪಾರು.

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ ಅಲ್ಲಿನ ಕ್ಯಾಂಟೀನಿನಲ್ಲಿ ಕೆಂಪು, ಹಸಿರು ಎಲ್ಲ ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದಳು. ಗಂಡ ಮಾತ್ರ ಮೂರು ಹೊತ್ತೂ ಬಿಳಿಯನ್ನೇ ತಿಂದ.

ತಿಂಗಳುಗಳು ಕಳೆದಂತೆ ಅವನು ಮಂಕಾದ. ಸೂಜಿ ಬಿದ್ದ ಸದ್ದಿಗೆ ಬೈಯುತ್ತಿದ್ದವನು ಈಗ ಕತ್ತರಿ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ.

"ಮಷೀನ್ ಮಾರಿಬಿಡೋಣ ಕಣೇ. ಶನಿವಾರ ಒಬ್ಬ ನೋಡೋಕೆ ಬರ್ತಾನೆ."

"ಮಾರಿ ಏನ್ಮಾಡ್ತೀರಿ?"

"ಕೂತ್ಕೋತೀನಿ."

"ಈಗೇನು ಕುಣೀತಿದ್ದೀರಾ?"

ಇದಕ್ಕೆ ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಅವನ ಹಣೆ ಮುಟ್ಟಿ ನೋಡಿದಳು. ಮಷೀನು ಹೋದರೆ ಹೋಗಲಿ. ಅದರ ಹಿಂದೆಯೇ ಈ ಮನುಷ್ಯನೂ ಹೊರಟಂತಿದೆಯಲ್ಲ!

ಶುಕ್ರವಾರ ಹಲ್ಲಿನ ಡಾಕ್ಟರಮ್ಮ ಹೊಸ ಕೋಟಿನ ಅಳತೆ ನೋಡಿಸಲು ಬಂದರು. ದರ್ಜಿ ಅಭ್ಯಾಸದಂತೆ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದೇ ತೆಗೆದು ಕೋಟಿನ ತೋಳಿಗೆ ಚುಚ್ಚಿದ. ಬಿಳಿ ತೋಳಿನ ಮೇಲೆ ಕೆಂಪು ಚುಕ್ಕೆ ಮೂಡಿತು.

"ಬೆರಳಿಗೆ ಚುಚ್ಚಿಕೊಂಡ್ರಾ, ಟೈಲರ್ರೇ?"

ಬೆರಳು ಚೆನ್ನಾಗಿಯೇ ಇತ್ತು. ರಕ್ತ ಬಂದದ್ದು ಬಾಯಿಂದ. ಡಾಕ್ಟರಮ್ಮ ಅವನನ್ನು ಕಿಟಕಿಯ ಬಳಿ ನಿಲ್ಲಿಸಿ, ಬಾಯಿ ತೆರೆಸಿ, ಊದಿದ ವಸಡು ನೋಡಿದರು.

"ಏನು ಊಟ ಮಾಡ್ತೀರಿ?"

ಉತ್ತರ ಹೆಂಡತಿಯಿಂದ ಬಂತು. "ಬೆಳ್ಳಗಿದ್ರೆ ಸಾಕು, ಡಾಕ್ಟರಮ್ಮ. ಸುಣ್ಣ ಒಂದು ಬಿಟ್ಟಿದ್ದಾರೆ."

"ಹಣ್ಣು?"

"ಕಲೆ ಆಗುತ್ತೆ," ಎಂದ ದರ್ಜಿ.

"ಆಯ್ತಲ್ಲ ಈಗ!" ಡಾಕ್ಟರಮ್ಮ ತೋಳು ತೋರಿಸಿದರು. "ಇದು ವಿಟಮಿನ್ ಸಿ ಕೊರತೆ ಇರಬೇಕು. ಸುಸ್ತು, ಬೇಜಾರು ಇದೆಯಾ?"

"ಇವರಿಗಿಲ್ಲ, ನನಗಿದೆ," ಎಂದು ಹೆಂಡತಿ ಮಷೀನು ಮಾರುವ ಕತೆಯನ್ನೆಲ್ಲ ಹೇಳಿಬಿಟ್ಟಳು.

ಡಾಕ್ಟರಮ್ಮ ನಗಲಿಲ್ಲ. "ಮೆದುಳಲ್ಲಿ ಡೋಪಮೈನ್ ಅಂತ ಒಂದು ವಸ್ತು ಇರುತ್ತೆ. ಅದನ್ನ ನಾರ್‌ಅಡ್ರಿನಲಿನ್ ಆಗಿ ಬದಲಾಯಿಸೋಕೆ ಒಂದು ಕಿಣ್ವ ದುಡಿಯುತ್ತೆ. ನಮ್ಮನ್ನ ಚುರುಕಾಗಿಡೋದ್ರಲ್ಲಿ ಈ ನಾರ್‌ಅಡ್ರಿನಲಿನ್‌ದೂ ಪಾಲಿದೆ. ಆ ಕಿಣ್ವಕ್ಕೆ ವಿಟಮಿನ್ ಸಿ ಜೊತೆಗಿಲ್ದಿದ್ರೆ ಕೆಲಸ ಸಾಗಲ್ಲ."

ದರ್ಜಿ ಮಷೀನಿನ ಕಡೆ ನೋಡಿದ. "ಅಂದ್ರೆ ಬಟ್ಟೆ ಇದೆ, ಮಷೀನ್ ಇದೆ, ಎಣ್ಣೆ ಇಲ್ಲ."

"ಹೆಚ್ಚುಕಮ್ಮಿ ಹಾಗೇ. ಆದ್ರೆ ಎಲ್ಲ ಮಂಕಿಗೂ ಇದೇ ಕಾರಣ ಅಲ್ಲ. ಮೊದಲು ರಕ್ತ ಪರೀಕ್ಷೆ ಆಗಲಿ. ಅಲ್ಲೀವರೆಗೆ ಏನನ್ನೂ ಮಾರಬೇಡಿ."

ಶನಿವಾರ ಬಂದವನನ್ನು ಹೆಂಡತಿ ಬಾಗಿಲಲ್ಲೇ ಸಾಗಹಾಕಿದಳು. ಪರೀಕ್ಷೆ ಡಾಕ್ಟರಮ್ಮನ ಮಾತನ್ನೇ ಹೇಳಿತು. ಮಾತ್ರೆ ಬಂತು, ಕಿತ್ತಳೆ ಬಂತು. ದರ್ಜಿ ಮಳೆಕೋಟು ತೊಟ್ಟು, ಹೊರಗಿನ ಮೆಟ್ಟಿಲ ಮೇಲೆ ಕುಳಿತು ಹಣ್ಣು ತಿನ್ನತೊಡಗಿದ. ಸುಡುಬಿಸಿಲಲ್ಲಿ ಮಳೆಕೋಟು ಕಂಡ ನೆರೆಯವರು ಆಕಾಶ ನೋಡಿ ಒಳಗೆ ಹೋದರು.

ಕೆಲವು ವಾರಗಳಾದ ಮೇಲೆ ಡಾಕ್ಟರಮ್ಮ ಕೋಟು ಒಯ್ಯಲು ಬಂದರು. ದರ್ಜಿ ಅದನ್ನು ಬಿಡಿಸಿ ಹಿಡಿದ, ಹುಬ್ಬು ಗಂಟಾಯಿತು.

"ಲೇ! ಈ ಕಾಲರ್‌ಗೆ ಇಸ್ತ್ರಿ ಹಾಕಿದ್ಯಾರು? ಎಮ್ಮೆ ಮಲಗಿ ಎದ್ದ ಹಾಗಿದೆ!"

ಹೆಂಡತಿ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ, ತಾಯಿ."

"ಬೈಸಿಕೊಂಡಿದ್ದಕ್ಕಾ?"

"ಹೂಂ. ಎಷ್ಟು ದಿನ ಆಗಿತ್ತು!"

"ಅಳೋದಾದ್ರೆ ಆ ಕಡೆ ತಿರುಗಿ ಅಳು," ದರ್ಜಿ ಕೂಗಿದ, "ಕೋಟಿನ ಮೇಲೆ ಬಿದ್ದೀತು!"

ಅವಳು ಆ ಕಡೆ ತಿರುಗಿ, ಮನಸಾರೆ ಅತ್ತಳು.