ಮಾಬ್ಲ ಬೀಸಿದ ಬಟ್ಟೆ

ಕಾಸರಕೋಡದಿಂದ ತೆಂಕಕ್ಕೆ, ಹದ್ದಿನಗುಡ್ಡದ ಬುಡದಲ್ಲಿದ್ದ ಆ ಕೇರಿಯಲ್ಲಿ ದೇವರ ಮಾತಿಗಾದರೂ ಎದುರು ಹೇಳಿಯಾರು, ಮಾಬ್ಲನ ಕಣ್ಣಿಗೆ ಎದುರು ಹೇಳುವವರಿರಲಿಲ್ಲ. ಅವನ ಕೆಲಸವೇ ನೋಡುವುದು. ಬೆಳಕು ಹರಿಯುವಷ್ಟರಲ್ಲಿ, ಕಡಲಿಗೆ ಚಾಚಿಕೊಂಡ ಗುಡ್ಡದ ಮೂಗಿನ ಮೇಲೆ ಹೋಗಿ ಕೂತು ಕಡಲನ್ನು ನೋಡುವುದು. ಬಂಗಡೆಯ ಹಿಂಡು ದಡದ ಹತ್ತಿರ ಬಂದರೆ ನೀರಿನ ಬಣ್ಣ ತಿರುಗುತ್ತದೆ. ಅಲ್ಲೊಂದು ಕಡೆ ಕೆಂಪು ಬೆರೆತ ಕಪ್ಪು ಏಳುತ್ತದೆ. ಅದು ಕಂಡರೆ ಎದ್ದು ನಿಂತು ಬಿಳಿ ಬಟ್ಟೆ ಬೀಸಬೇಕು. ಬೀಸಿದನೋ, ಕೆಳಗೆ ದೋಣಿ ಹೊರಟಿತು, ರಂಪಣಿ ನೀರಿಗೆ ಬಿತ್ತು ಅಂತಲೇ ಅರ್ಥ.

ರಂಪಣಿ ಒಬ್ಬನ ಬಲೆಯಲ್ಲ. ಪ್ರತಿ ಮನೆಯವರೂ ತಮ್ಮ ಪಾಲಿನ ತುಂಡನ್ನು ಹೆಣೆದು ತರಬೇಕು. ತುಂಡಿಗೆ ತುಂಡು ಗಂಟು ಹಾಕುತ್ತ ಹೋದರೆ ಕೇರಿಗಿಂತ ಉದ್ದದ ಬಲೆಯಾಗುತ್ತದೆ. ದೋಣಿಯವರು ಅದನ್ನು ಹಿಂಡಿನ ಸುತ್ತ ಬಳಸಿ ಬಿಟ್ಟು ಬರುತ್ತಾರೆ, ಎರಡು ತುದಿಯ ಹಗ್ಗ ಹಿಡಿದು ಗಂಡಸು ಹೆಂಗಸು ಎನ್ನದೆ ಇಡೀ ಕೇರಿ ದಡದಲ್ಲಿ ನಿಂತು ಎಳೆಯುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ ಅಂತ ಗಾದೆ ಇದೆಯಲ್ಲ, ಅದನ್ನು ತಿರುಗಿಸಿ ಹಾಕಿದರೆ ರಂಪಣಿ.

ಆದರೆ ಆ ವರ್ಷ ಹಾಳುಬಿದ್ದ ವರ್ಷ. ಪರ್ಸೀನ್ ಬೋಟುಗಳು ಆಳದಲ್ಲೇ ಮೀನಿಗೆ ಸುತ್ತು ಹಾಕಿ ಬಾಚಿಕೊಂಡು ಹೋಗುತ್ತಿದ್ದವು. ದಡಕ್ಕೆ ಬರಬೇಕಾದ ಹಿಂಡು ಬರಲೇ ಇಲ್ಲ. ಭಟ್ಕಳದ ಕಡೆ ತೆಂಗಿನಗುಂಡಿಯಲ್ಲಿ ರಂಪಣಿ ಮುರಿದು, ತಂತಮ್ಮ ತುಂಡು ಬಿಚ್ಚಿಕೊಂಡು ಮನೆಗೆ ಹೋದರಂತೆ ಎಂಬ ಸುದ್ದಿ ಬಂದಾಗ ಕೇರಿಯ ಹೆಂಗಸರು ಸತ್ತವರ ಸುದ್ದಿ ಕೇಳಿದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡರು. ನವರಾತ್ರಿ ಕಳೆದ ಮೇಲೆ ರಂಪಣಿಯ ತಾಂಡೇಲ, ಅಂದರೆ ಎಲ್ಲರ ಯಜಮಾನ, ಹೊನ್ನ ಕಡಾಖಂಡಿತ ಹೇಳಿಬಿಟ್ಟ.

"ದೀಪಾವಳಿವರೆಗೆ ಕಾಯ್ವ. ಒಂದಾದ್ರೂ ಹಿಂಡು ಸಿಕ್ಕಿದ್ರೆ ಬಲೆ ಉಳೀತು. ಇಲ್ದಿದ್ರೆ ಬಿಚ್ಚೂದೇ. ಹುಡುಗ್ರು ಬೋಟಿಗೆ ಕೂಲಿಗೆ ಹೋಗ್ತ್ರು, ನಾನೆಂತ ಹೇಳಿ ತಡೀಲಿ?"

ಹುಡುಗರೇನೋ ಹೋದಾರು. ಮಾಬ್ಲ ಹೆದರಿದ್ದು ಬೇರೆ ಕಾರಣಕ್ಕೆ. ಬಲೆ ಬಿಚ್ಚಿದ ಮೇಲೆ ನೋಡುವವನು ಯಾರಿಗೆ ಬೇಕು? ಎಳೆಯುವ ತೋಳಿಗೆ ಎಲ್ಲಿಯಾದರೂ ಕೂಲಿ ಸಿಕ್ಕೀತು, ಬರೀ ಕಣ್ಣಿಗೆ ಯಾರು ಗಂಜಿ ಹಾಕುತ್ತಾರೆ? ಬಲೆ ಉಳಿದರೆ ತಾನು ಉಳಿದೆ, ಇಲ್ಲದಿದ್ದರೆ ಇಲ್ಲ. ಅವನು ಈಗ ಬೆಳಗ್ಗೆ ಮಾತ್ರವಲ್ಲ, ಹೊತ್ತು ಮುಳುಗುವವರೆಗೂ ಗುಡ್ಡದ ಮೇಲೆ ಕೂರತೊಡಗಿದ. ಹೆಂಡತಿ ನಾಗಿ ಗಂಜಿಯನ್ನು ಅಲ್ಲಿಗೇ ತರುತ್ತಿದ್ದಳು.

"ಕಣ್ಣು ಕೆಂಪಾಗಿ ಹೋಯ್ತಲ್ಲ! ಒಂಚೂರು ಮುಚ್ಚೂಕಾದ್ರೂ ಆಗ್ತದೋ ಇಲ್ವೋ?"

"ನಾ ಕಣ್ಣು ಮುಚ್ಚಿದಾಗ್ಲೇ ಅದು ಬಂದು ಹೋದ್ರೆ?" ಎನ್ನುತ್ತಿದ್ದ ಮಾಬ್ಲ. ನಾಗಿ ಗಂಜಿಯ ತಂಬಿಗೆಯನ್ನು ಅವನ ಕೈಗೇ ತುರುಕಿ, ಉಣ್ಣುವವರೆಗೆ ತಾನು ಕಡಲು ನೋಡುತ್ತ ನಿಲ್ಲುತ್ತಿದ್ದಳು.

ಅವರ ಬೆನ್ನ ಹಿಂದೆ, ಗುಡ್ಡದ ನೆತ್ತಿಯಲ್ಲಿ, ಕಂಪನಿಯ ಗಣಿ ಇತ್ತು. ಕಬ್ಬಿಣದ ಅದಿರು. ಸುರಂಗ ಗಿರಂಗ ಏನಿಲ್ಲ, ಗುಡ್ಡದ ತಲೆಯನ್ನೇ ಬೋಳಿಸಿ ಮೆಟ್ಟಿಲು ಮೆಟ್ಟಿಲಾಗಿ ಅಗೆದ ತೆರೆದ ಗಣಿ. ಅದಿರಿನ ಜತೆ ಜೇಡಿಮಣ್ಣೂ ಬರುತ್ತಿತ್ತು, ಮಣ್ಣು ಮೆತ್ತಿದ ಅದಿರನ್ನು ಹಡಗಿನವರು ಮುಟ್ಟುತ್ತಿರಲಿಲ್ಲ. ಅದಕ್ಕೆ ಗಣಿಯ ಪಕ್ಕದಲ್ಲೇ ಅದಿರು ತೊಳೆಯುವ ಕಾರ್ಖಾನೆ ಕಟ್ಟುವುದೆಂದು ಹಿಂದಿನ ಚಳಿಗಾಲದಲ್ಲಿ ಯೋಜನೆಯಾಯಿತು. ಆಗ ಕಂಪನಿಯ ಇಂಜಿನಿಯರು, ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯ ಅನ್ನಬೇಕು, ತಾವಾಗಿಯೇ ಕೇರಿಗೆ ಇಳಿದು ಬಂದಿದ್ದರು. ಮಗುಚಿ ಹಾಕಿದ ದೋಣಿಯ ಬೆನ್ನಿನ ಮೇಲೆ ನಕ್ಷೆ ಹರಡಿ, ಗಾಳಿಗೆ ಹಾರದಂತೆ ಬಲೆಯ ಕಲ್ಲು ಇಟ್ಟು, ಎಲ್ಲರನ್ನೂ ಕರೆದರು.

"ಹೆದರಬೇಡಿ. ಅಕ್ಕಿ ತೊಳೆದ ಹಾಗೆ, ಅಷ್ಟೆ."

"ಅಕ್ಕಚ್ಚು ಎಲ್ಲಿಗೆ ಚೆಲ್ಲೂದು ಸಾಹೇಬ್ರೆ?" ಎಂದಳು ನಾಗಿ.

ಇಂಜಿನಿಯರು ನಕ್ಕರು. ಅದನ್ನೇ ಕೇಳಲು ಬಂದಿದ್ದೇನೆ ಎಂದರು. ತೊಳೆದ ನೀರನ್ನು ಹಳ್ಳಕ್ಕೆ ಬಿಡುವುದು ಒಂದು ದಾರಿ. ಮಾತು ಮುಗಿಯುವ ಮೊದಲೇ ಹೆಂಗಸರು ಎದ್ದರು. ಆ ಹಳ್ಳದ ಒರತೆಯ ನೀರನ್ನೇ ಕೇರಿ ಕುಡಿಯುವುದು, ಬೇರೆ ಬಾವಿಗಳೆಲ್ಲ ಉಪ್ಪು. ಆಗ ಮಾಬ್ಲ ಮುಂದೆ ಬಂದ. ಬಂದವನ ಗತ್ತು ನೋಡಬೇಕಿತ್ತು! ಹೆಗಲ ಮೇಲೆ ಅದೇ ಬಿಳಿ ಬಟ್ಟೆ.

"ಕಡಲಿಗೆ ಬಿಡಿ ಸಾಹೇಬ್ರೆ. ಕಡಲು ಎಂತೆಂತದನ್ನೋ ನುಂಗಿ ಕೂತದೆ, ನಿಮ್ಮ ಕೆಮ್ಮಣ್ಣು ಯಾವ ಲೆಕ್ಕ? ಮೂಗಿನ ಆಚೆ, ಬಡಗ ಬದಿಗೆ ಕೊಳವೆ ಹಾಕಿ."

"ಅಲ್ಲಿ ನೀರು ಯಾವ ಕಡೆ ಎಳೆಯುತ್ತೆ?"

"ಬಡಗಕ್ಕೇ ಎಳೀತದೆ. ನಿಮ್ಮ ಮಣ್ಣು ಕುಮಟೆ ದಾಟಿ ಹೋಗ್ತದೆ, ನಮ್ಮ ಕಡೆ ತಿರುಗೂದೂ ಇಲ್ಲ."

ಎಲ್ಲರೂ ನಕ್ಕರು. ಮಾಬ್ಲ ಹೇಳಿದ ಮೇಲೆ ಮುಗಿಯಿತು, ಹೊನ್ನನೂ ಹೂಂಗುಟ್ಟಿದ. ಇಂಜಿನಿಯರು ನಕ್ಷೆಯ ಮೇಲೆ, ಮಾಬ್ಲ ಬೆರಳಿಟ್ಟ ಜಾಗಕ್ಕೇ ಸರಿಯಾಗಿ, ಪೆನ್ಸಿಲಿನಿಂದ ಗುರುತು ಹಾಕಿದರು. ಮೊದಲು ನೀರನ್ನು ದೊಡ್ಡ ತೊಟ್ಟಿಗಳಲ್ಲಿ ನಿಲ್ಲಿಸಿ ಮಣ್ಣು ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಬಿಡುತ್ತೇವೆ, ಯಂತ್ರ ಶುರು ಮಾಡುವ ಮುಂಚೆ ತಿಳಿಸುತ್ತೇವೆ ಎಂದೂ ಹೇಳಿ ಹೋದರು. ಬೇಸಿಗೆಯಲ್ಲಿ ಅವರಿಗೆ ಬೇರೆ ಕಡೆ ವರ್ಗವಾಯಿತು. ಕಾರ್ಖಾನೆ ಮೇಲೇಳುತ್ತಿತ್ತು, ಕೊಳವೆ ಇಳಿದಿತ್ತು, ಯಂತ್ರ ಇನ್ನೂ ತಿರುಗಿಲ್ಲ ಅಂತಲೇ ಕೇರಿಯವರು ತಿಳಿದಿದ್ದರು.

ಇನ್ನು ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಮಾಬ್ಲ ಗುಡ್ಡದ ಮೂಗಿನ ಮೇಲೆ ಕೂತು ಬೀಡಿ ಹಚ್ಚಿದವನು, ಕಡ್ಡಿ ಬೆರಳು ಸುಟ್ಟರೂ ಎಸೆಯಲು ಮರೆತ. ಕೆಳಗೆ ಅವರ ಕೇರಿಯ ಎದುರಿನ ನೀರಿನಲ್ಲಿ ಕೆಂಪು ಎದ್ದಿತ್ತು. ದೊಡ್ಡದು. ಅವನು ಹುಟ್ಟಿದ ಮೇಲೆ ಕಾಣದಷ್ಟು ದೊಡ್ಡದು.

"ಅಯ್ಯೋ ನನ್ನ ತಂದೆ, ಬಂದ್ಯಾ!" ಎಂದು ಕೈಮುಗಿದ.

ಸುಳ್ಳು ಯಾಕೆ ಹೇಳಬೇಕು, ಅವನಿಗೆ ಅನುಮಾನ ಬಂದಿತ್ತು. ಹಿಂಡಿನ ಮೇಲೆ ಹಕ್ಕಿ ಇರುತ್ತದೆ, ಇಲ್ಲಿ ಒಂದೂ ಇಲ್ಲ. ಹಿಂಡಿದ್ದ ಕಡೆ ನೀರು ಪುಟಿಯುತ್ತದೆ, ಇಲ್ಲಿ ನೀರು ಸುಮ್ಮನೆ ಮಲಗಿದೆ. ಬೇರೆ ವರ್ಷವಾಗಿದ್ದರೆ ಮಾಬ್ಲ ಇನ್ನೊಂದು ಬೀಡಿ ಸೇದಿ ಮುಗಿಸುವಷ್ಟು ಕಾಯುತ್ತಿದ್ದ. ಈಗ ಹೊಟ್ಟೆಯೊಳಗಿನ ಹೆದರಿಕೆ ಕುತ್ತಿಗೆ ಹಿಡಿದು ಎಬ್ಬಿಸಿತು. ಹಕ್ಕಿ ಆಮೇಲೆ ಬಂದೀತು, ಹಿಂಡು ಹೋದರೆ ತಿರುಗಿ ಬರುತ್ತದೆಯೇ? ಅವನು ಎದ್ದು ನಿಂತ. ಬಟ್ಟೆ ಬೀಸಿದ.

ಕೆಳಗೆ ಕೂಗು ಎದ್ದಿತು. ಹೊನ್ನ ಹಾರಿ ದೋಣಿ ಹತ್ತಿದ, ಹುಟ್ಟು ಬಿದ್ದವು. ಬಲೆ ಮಡಿಕೆ ಬಿಚ್ಚುತ್ತ ನೀರಿಗೆ ಇಳಿಯಿತು. ಮಾಬ್ಲ ಬಟ್ಟೆಯನ್ನು ಎಡಕ್ಕೆ, ಬಲಕ್ಕೆ ಬೀಸುತ್ತ ದೋಣಿಗೆ ದಾರಿ ತೋರಿಸಿದ. ಕೆಂಪು ಪೂರ್ತಿ ಬಲೆಯೊಳಗೆ ಬಿತ್ತು ಎಂದಾದ ಮೇಲೆ ಮುಳ್ಳು ಕಲ್ಲು ನೋಡದೆ ಗುಡ್ಡ ಇಳಿದು ಓಡಿ ಬಂದು ತಾನೂ ಹಗ್ಗ ಹಿಡಿದ.

ಬಲೆ ಭಾರವಾಗಿತ್ತು. ಏನು ಭಾರ! ಒಂದು ಮಾರು ಎಳೆದರೆ ಅರ್ಧ ಮಾರು ಹಿಂದಕ್ಕೆ ಜಗ್ಗುತ್ತಿತ್ತು. ಕಾಲು ಮರಳಿನಲ್ಲಿ ಮೊಣಕಾಲವರೆಗೆ ಹೂತುಹೋಗುತ್ತಿತ್ತು.

"ತುಂಬಿದೆ ಮಾರಾಯ, ತುಂಬಿದೆ! ಬಲೆ ಹರೀದಿದ್ರೆ ಸಾಕು!" ಎಂದು ಹೊನ್ನ ಅಳುತ್ತ ನಗುತ್ತ ಕೂಗಿದ. ಹಾಸಿಗೆ ಹಿಡಿದಿದ್ದ ಮುದುಕ ಈರ ಕೂಡ ಕೋಲೂರಿಕೊಂಡು ಬಂದು ಹಗ್ಗಕ್ಕೆ ಒಂದು ಕೈ ಕೊಟ್ಟ. ಹೆಂಗಸರು ಬುಟ್ಟಿ ತಂದು ಸಾಲಾಗಿ ಇಟ್ಟರು. ಮೀನು ಮಾರುವ ಕಮಲಿ ಮಾಬ್ಲನ ಕೆನ್ನೆ ಹಿಂಡಿ, "ಈ ಕಣ್ಣಿಗೆ ದೃಷ್ಟಿ ತೆಗೀಬೇಕು ನಾಗಕ್ಕ, ಇವತ್ತೇ ತೆಗಿ!" ಎಂದಳು. ನಾಗಿ ಹಗ್ಗ ಬಿಡದೆ ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು.

ಹೊತ್ತು ನೆತ್ತಿಗೇರುವಾಗ ಬಲೆಯ ಹೊಟ್ಟೆ ದಡಕ್ಕೆ ಬಂತು. ಮೊದಲು ಬಂದದ್ದು ಕೆಂಪು ನೀರು. ಆಮೇಲೆ ಕೆಸರು. ಅಂಟು ಅಂಟಾದ, ರಕ್ತದ ಬಣ್ಣದ, ಮೊಳ ಮೊಳ ಕೆಸರು. ಅದರ ನಡುವೆ ಉಸಿರು ಕಟ್ಟಿ ಸತ್ತ ಒಂದಿಷ್ಟು ನೊಗಲಿ ಮೀನು, ಏಡಿ. ಬಲೆಯ ಅಡಿ ಅಂಚು ಕೆಸರಿನಲ್ಲಿ ಕಚ್ಚಿ ಹಿಡಿದಿತ್ತು. ಕೇರಿಯವರು ಮೀನಿನ ಭಾರ ಎಂದು ಎಳೆದ ಒಂದೊಂದು ಎಳೆತಕ್ಕೂ ಒಂದೊಂದು ಕಡೆ ಹರಿದಿತ್ತು.

ಕಮಲಿ ಬುಟ್ಟಿಯನ್ನು ಕಾಲಿಂದ ಒದ್ದಳು.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂಬ್ರು. ನಿನ್ನ ಕಣ್ಣಿಗೆ ಎಂತ ಆಗಿತ್ತು ಮಾಬ್ಲ?"

ಗುಡ್ಡದ ಮೇಲಿಂದ ದಾಸ ಓಡಿ ಬಂದ, ಮೊನ್ನೆಯಷ್ಟೇ ಕಂಪನಿಯಲ್ಲಿ ಕೂಲಿಗೆ ಸೇರಿದ ಕೇರಿಯ ಹುಡುಗ. ಅವನಿಂದ ಎಲ್ಲ ಹೊರಬಿತ್ತು. ತೊಟ್ಟಿ ಇನ್ನೂ ಕಟ್ಟಿ ಮುಗಿದಿಲ್ಲ. ಆದರೂ ಮಳೆಗಾಲದಲ್ಲಿ ನೀರು ಧಾರಾಳ ಇದೆಯೆಂದು ಯಂತ್ರವನ್ನು ಆಗಾಗ ತಿರುಗಿಸಿ ನೋಡುತ್ತಿದ್ದರು. ನಿನ್ನೆಯಿಂದ ಮತ್ತೆ ತಿರುಗಿಸಿದ್ದಾರೆ, ಯಾರೋ ದೊಡ್ಡವರು ನೋಡಲು ಬರುತ್ತಾರಂತೆ.

"ಬಡಗಕ್ಕೆ ಎಳೀತದೆ ಅಂದಿದ್ಯಲ್ಲೋ!" ಎಂದ ಹೊನ್ನ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಗ ಮಾಬ್ಲನಿಗೆ ಹೊಳೆಯಿತು. ನೀರು ಬಡಗಕ್ಕೆ ಎಳೆಯುವುದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ತೆಂಕಕ್ಕೆ, ಸೀದಾ ಅವರ ಕೇರಿಯ ಎದುರಿಗೇ ಎಳೆಯುತ್ತದೆ, ದೀಪಾವಳಿ ಕಳೆಯುವವರೆಗೂ ಒಮ್ಮೊಮ್ಮೆ ಹಾಗೇ. ಅದು ಅವನಿಗೆ ಗೊತ್ತಿಲ್ಲದ್ದೇ? ಅವನ ಅಜ್ಜನಿಗೂ ಗೊತ್ತಿತ್ತು. ಆದರೆ ಮೀನುಗಾರನಿಗೆ ಮಳೆಗಾಲದ ಕಡಲು ಕಡಲೇ ಅಲ್ಲ. ದೋಣಿಗೆ ತೆಂಗಿನ ಮಡಲು ಹೊದೆಸಿ ಮನೆಯಲ್ಲಿ ಕೂತ ಮೇಲೆ ನೀರು ಯಾವ ದಿಕ್ಕಿಗಾದರೂ ಎಳೆಯಲಿ, ಯಾರು ಕೇಳುತ್ತಾರೆ? ಇಂಜಿನಿಯರು ಕೇಳಿದಾಗ ಅವನ ತಲೆಯಲ್ಲಿ ಇದ್ದದ್ದು ಬಲೆ ಬಿಡುವ ಕಡಲು ಮಾತ್ರ. ಮಳೆಯಲ್ಲೂ ಯಂತ್ರ ತಿರುಗುತ್ತದೆ ಎಂಬುದು ಅಲ್ಲಿ ಕೂತಿದ್ದ ಒಬ್ಬನ ತಲೆಗೂ ಬರಲಿಲ್ಲ. ಬರಲಿಲ್ಲವೆಂದು ಯಾರನ್ನು ಬೈಯುವುದು? ಬೆರಳು ಇಟ್ಟವನು ಅವನು.

"ನಾನೇ ತೋರ್ಸಿದ್ದು, ನಾನೇ ಬೀಸಿದ್ದು," ಎಂದು ಮಾಬ್ಲ ಕೆಸರಿನಲ್ಲೇ ಕುಕ್ಕರಿಸಿದ. "ಹೊನ್ನಣ್ಣ, ನನ್ನ ಹೊಡೀರಿ. ಬಲೆ ಮಾತ್ರ ಬಿಚ್ಚೂದು ಬೇಡ."

ಹೊನ್ನ ಅವನ ರಟ್ಟೆ ಹಿಡಿದು ಎಬ್ಬಿಸಿದ. "ನಿನ್ನ ಹೊಡೆದು ಎಂತ ಮಾಡೂದೋ? ಏಳು. ಬಲೆ ಹರಿದು ಹೋದ್ಮೇಲೆ ದೀಪಾವಳಿವರೆಗೆ ಎಂತಕ್ಕೆ ಕಾಯೂದು? ನಾಳೆ ಬೆಳಿಗ್ಗೆ ಬಿಚ್ಚೂದು."

ಸಂಜೆ ಹೊನ್ನ ಮತ್ತಿಬ್ಬರನ್ನು ಕರೆದುಕೊಂಡು ಕಂಪನಿಗೆ ಹೋಗಿ ಬಂದ. ಕೊಳವೆಯನ್ನು ಊರವರು ಹೇಳಿದ ಜಾಗದಲ್ಲೇ ಹಾಕಿದ್ದೇವೆ ಎಂದರಂತೆ.

ಮರುದಿನ ಬೆಳಿಗ್ಗೆ ಇಡೀ ಕೇರಿ ದಡದಲ್ಲಿ ಕೂತಿತು. ಕೆಸರು ತೊಳೆದ ಬಲೆ ಉದ್ದಕ್ಕೆ ಹರಡಿತ್ತು. ತಮ್ಮ ತಮ್ಮ ತುಂಡಿನ ಎದುರು ಕೂತು ಗಂಟು ಹುಡುಕುತ್ತಿದ್ದರು. ನೆಂದು ಬಿಗಿದ ಗಂಟುಗಳು ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ, ಕೆಲವರು ಹಲ್ಲು ಹಾಕಿ ಎಳೆಯುತ್ತಿದ್ದರು. ಮಾಬ್ಲ ಅಲ್ಲಿ ಕೂರಲಾರದೆ ಗುಡ್ಡ ಹತ್ತಿದ. ಕಾಲು ತಾನಾಗಿಯೇ ಹೋಯಿತು, ಬೇರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿರಲಿಲ್ಲ.

ಹತ್ತಿ ನೋಡಿದರೆ, ದೇವರೇ, ಹಕ್ಕಿ!

ಗುಂಪು ಗುಂಪು ಬಿಳಿ ಹಕ್ಕಿ, ಕಿರುಚುತ್ತ, ನೀರಿಗೆ ಬೀಳುತ್ತ ಏಳುತ್ತ. ಕೆಸರು ಮುಟ್ಟದ ತೆಂಕ ತುದಿಯಲ್ಲಿ, ಅಲ್ಲಿನ ದೊಡ್ಡ ಬಂಡೆಯ ಮರೆಗೆ, ದಡಕ್ಕೆ ತೀರ ಹತ್ತಿರ, ನೀರು ಕುದಿಯುವ ಹಾಗೆ ಪುಟಿಯುತ್ತಿತ್ತು. ಅದರಡಿಯಲ್ಲಿ ಆ ಕೆಂಪುಗಪ್ಪು. ಈ ಸಲ ಅನುಮಾನವೇ ಇಲ್ಲ. ಮಾಬ್ಲ ಕಣ್ಣುಜ್ಜಿಕೊಂಡ, ಮತ್ತೆ ನೋಡಿದ, ಬೇಕೆಂದೇ ಒಂದು ಬೀಡಿ ಸೇದಿ ಮುಗಿಸುವಷ್ಟು ಕಾದ. ಹಿಂಡು ಅಲ್ಲೇ ಇತ್ತು. ಆಮೇಲೆ ಬಟ್ಟೆ ಬೀಸಿದ.

ಕೆಳಗೆ ಒಬ್ಬೊಬ್ಬರಾಗಿ ತಲೆ ಎತ್ತಿದರು. ದಡದಲ್ಲಿ ಕೂತವರಿಗೆ ಆ ಬಂಡೆಯ ಆಚೆ ಏನೂ ಕಾಣುವುದಿಲ್ಲ, ಅವರಿಗೆ ಕಂಡದ್ದು ಗುಡ್ಡದ ಮೇಲೆ ಬಟ್ಟೆ ಬೀಸುವ ಮಾಬ್ಲ ಮಾತ್ರ. "ಬಂದಿದೆ! ನಿಜವಾಗ್ಲೂ ಬಂದಿದೆ! ಬಿಚ್ಚಬೇಡ್ರೋ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ. ಗಾಳಿ ಕಡಲಿನಿಂದ ಗುಡ್ಡದ ಕಡೆಗೆ ಬೀಸುತ್ತಿತ್ತು. ಹೊನ್ನ ಹಣೆಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಪಕ್ಕದವನಿಗೆ ಏನೋ ಹೇಳಿ, ತಲೆ ಬಗ್ಗಿಸಿ, ಗಂಟಿಗೆ ಕೈ ಹಾಕಿದ. ಉಳಿದವರೂ ಹಾಗೇ ಮಾಡಿದರು.

ಒಬ್ಬಳು ಮಾತ್ರ ಎದ್ದಳು. ನಾಗಿ ತನ್ನ ತುಂಡನ್ನು ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲೆಯ ತೆಂಕ ತುದಿಯ ಹಗ್ಗವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನೀರಿನಂಚಿಗೆ ಹೋಗಿ ನಿಂತಳು. ಯಾರಾದರೂ ದೋಣಿ ತಳ್ಳುತ್ತಾರೆಂದು ಕಾಯುವವಳ ಹಾಗೆ ಹಿಂದೆ ತಿರುಗಿ ನೋಡಿದಳು. ಮಾಬ್ಲ ಬಟ್ಟೆ ಬೀಸುತ್ತಲೇ ಇದ್ದ.